ಬೆನ್ನ ಮೇಲಿನ ಸಣ್ಣ ರೆಕ್ಕೆ

2018ರ ಜುಲೈ. ಬೆಳಗಿನ ಜಾವ ನಾಲ್ಕೂವರೆ. ಅಮೆರಿಕದ ಮಿಷಿಗನ್ ರಾಜ್ಯದ ಲಡಿಂಗ್ಟನ್ ಅನ್ನೋ ಪುಟ್ಟ ಬಂದರಿನಲ್ಲಿ ಸ್ವೆಟರ್ ಮೇಲೆ ರೇನ್‌ಕೋಟ್ ಏರಿಸಿಕೊಂಡು ನಡುಗುತ್ತಾ ನಿಂತಿದ್ದೆ. ಪ್ರಾಜೆಕ್ಟ್ ಕೆಲಸಕ್ಕೆ ಅಂತ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಬಂದು ಎಂಟು ತಿಂಗಳಾಗಿತ್ತು. ಕ್ಲೈಂಟ್ ಕಡೆಯ ಡೇಟಾಬೇಸ್ ಅಡ್ಮಿನ್, ಅರವತ್ತರ ಹಿರಿಯರು, ಒಂದು ದಿನ ಊಟದ ಹೊತ್ತಲ್ಲಿ ಕೇಳಿದ್ರು: "ಸಾಮನ್ ಟೂರ್ನಮೆಂಟ್ ಇದೆ, ನನ್ನ ಬೋಟಿಗೆ ಒಬ್ಬ ಕಮ್ಮಿ. ಬರ್ತೀಯಾ? ಮೀನು ಹಿಡಿದು ಗೊತ್ತಾ?"

ಗೊತ್ತು ಅಂದೆ. ಸುಳ್ಳಲ್ಲ. ನಮ್ಮ ಸೊರಬದ ಕಡೆ ಬೇಸಿಗೆಯಲ್ಲಿ ಕೆರೆಬೇಟೆ ನಡೆಯುತ್ತೆ. ನೀರು ತಗ್ಗಿದ ಕೆರೆಗೆ ಊರೂರಿನ ಜನ ಬಿದಿರಿನ ಕೂಣಿ ಹಿಡಿದು ಒಟ್ಟಿಗೆ ಇಳೀತಾರೆ. ಕೆಸರಲ್ಲಿ ಬಿದ್ದು ಎದ್ದು ಸಿಕ್ಕಿದ್ದನ್ನ ಚೀಲಕ್ಕೆ ತುಂಬೋದು. ಆದರೆ ಇಲ್ಲಿನ 'ಕೆರೆ' ಬೇರೆ ಲೆಕ್ಕ. ಲೇಕ್ ಮಿಷಿಗನ್ನಿನ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್. ಅಂದ್ರೆ ಕರ್ನಾಟಕದ ಮೂರನೇ ಒಂದು ಪಾಲಿಗೆ ಹತ್ತಿರ. ಆಳ ಕೆಲವು ಕಡೆ 280 ಮೀಟರ್. ಆಚೆ ದಡ ಕಾಣಲ್ಲ. ಕೂಣಿ ಹಿಡಿದು ಇಳಿಯೋ ಮಾತೇ ಇಲ್ಲ.

ಇಲ್ಲಿ ಬೋಟು ನಿಧಾನಕ್ಕೆ ಓಡುತ್ತಾ ಇರುತ್ತೆ, ಹಿಂದೆ ಹತ್ತು ಹನ್ನೆರಡು ಗಾಳ ಎಳೆದುಕೊಂಡು. ಗಾಳದ ದಾರವನ್ನು ಆಳಕ್ಕೆ ಒಯ್ಯೋಕೆ ಐದು ಕೆಜಿಯಷ್ಟು ತೂಕದ ಗುಂಡು. ಸಾಮನ್‌ಗೆ ಸುಮಾರು 12 ಡಿಗ್ರಿಯ ತಣ್ಣನೆ ನೀರು ಇಷ್ಟ. ಬೇಸಿಗೆಯಲ್ಲಿ ಆ ಪದರ ಎಷ್ಟು ಆಳದಲ್ಲಿದೆ ಅಂತ ಹುಡುಕೋದೇ ಅರ್ಧ ಆಟ. ತುದಿಯಲ್ಲಿ ಚಮಚದ ಆಕಾರದ ಬಣ್ಣದ ತಗಡು, ಹೊಳೆಯುವ ಚಿಕ್ಕ ಮೀನಿನ ಹಾಗೆ ಓಲಾಡುತ್ತೆ.

ಗಾಳ ಬಿಟ್ಟು ಕಾಯ್ತಾ ಕೂತಾಗ ಸುಮ್ಮನೆ ಕೇಳಿದೆ, "ಈ ಮೀನು ಇಲ್ಲಿ ಯಾವ ಕಾಲದಿಂದ ಇದೆ?"

ಅವರು ನಕ್ಕರು. "ನನಗಿಂತ ಎಂಟು ವರ್ಷ ಚಿಕ್ಕದು."

ತಮಾಷೆ ಅಂದ್ಕೊಂಡೆ. ಆಮೇಲೆ ಕೂತು ಓದಿದಾಗ ಅದು ಲೆಕ್ಕಕ್ಕೆ ಸರಿಯಾದ ಮಾತು ಅಂತ ಗೊತ್ತಾಯ್ತು.

ಶುರು ಮಾಡಬೇಕಾದ್ದು ಒಂದು ಕಾಲುವೆಯಿಂದ. ಅಮೆರಿಕ-ಕೆನಡಾ ಮಧ್ಯದ ಐದು ಮಹಾ ಸರೋವರಗಳ ನೀರು ಒಂದರಿಂದ ಒಂದಕ್ಕೆ ಹರಿದು ಕೊನೆಗೆ ಅಟ್ಲಾಂಟಿಕ್ ಸೇರುತ್ತೆ. ಮಧ್ಯದಲ್ಲಿ ನಯಾಗರ ಜಲಪಾತ, ಐವತ್ತು ಮೀಟರಿನ ಗೋಡೆ. ಸಮುದ್ರದ ಮೀನು ಇದನ್ನು ಹತ್ತಿ ಮೇಲಿನ ನಾಲ್ಕು ಸರೋವರಕ್ಕೆ ಬರೋ ಹಾಗಿರಲಿಲ್ಲ. ಹಡಗಿಗೂ ಅದೇ ತೊಂದರೆ. ಹಡಗಿನ ತೊಂದರೆ ನೀಗಿಸೋಕೆ 1829ರಲ್ಲಿ ವೆಲಂಡ್ ಕಾಲುವೆ ತೆರೆದರು. ಬಾಗಿಲು ತೆಗೆದ ಮೇಲೆ ಯಾರು ಬರ್ತಾರೆ ಅನ್ನೋದು ನಮ್ಮ ಕೈಯಲ್ಲಿರಲ್ಲ. ಸೀ ಲ್ಯಾಂಪ್ರೆ ಅನ್ನೋ ಹಾವಿನಂಥ ಜೀವಿ ಬಂತು. ದುಂಡನೆ ಬಾಯಿ ತುಂಬ ಹಲ್ಲು. ದೊಡ್ಡ ಮೀನಿಗೆ ಕಚ್ಚಿಕೊಂಡು ರಕ್ತ ಹೀರೋದೇ ಅದರ ಕಸುಬು. 1921ರಲ್ಲಿ ಲೇಕ್ ಇರಿಯಲ್ಲಿ, 1936ರಲ್ಲಿ ಲೇಕ್ ಮಿಷಿಗನ್ನಿನಲ್ಲಿ ಕಾಣಿಸಿಕೊಂಡಿತು. ಇಲ್ಲಿನ ಮೂಲ ನಿವಾಸಿ ದೊಡ್ಡ ಮೀನು ಲೇಕ್ ಟ್ರೌಟ್. ಒಂದು ಕಡೆ ಮಿತಿಯಿಲ್ಲದ ಬಲೆ, ಇನ್ನೊಂದು ಕಡೆ ಈ ರಕ್ತ ಹೀರೋದು. 1950ರ ದಶಕದಲ್ಲಿ ಲೇಕ್ ಮಿಷಿಗನ್ನಿನಲ್ಲಿ ಟ್ರೌಟ್ ಸಂತಾನವೇ ಮುಗಿದುಹೋಯ್ತು. ತಲೆಮಾರುಗಳಿಂದ ಮೀನು ಮಾರಿ ಬದುಕಿದ್ದ ಮನೆಗಳು ಬಲೆ ಮಡಚಿದವು.

ವಿಜ್ಞಾನಿಗಳು ಕೈಕಟ್ಟಿ ಕೂರಲಿಲ್ಲ. 5,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ, ಲ್ಯಾಂಪ್ರೆ ಮರಿಗಳನ್ನು ಕೊಂದು ಉಳಿದ ಮೀನನ್ನು ಹೆಚ್ಚು ಕಮ್ಮಿ ಬಿಟ್ಟುಬಿಡುವ ಒಂದನ್ನು ಹುಡುಕಿದರು. 1958ರಿಂದ ಅದನ್ನು ಹೊಳೆಗಳಿಗೆ ಬಿಡೋಕೆ ಶುರು ಮಾಡಿದರು. ಇವತ್ತಿಗೂ ಬಿಡ್ತಿದ್ದಾರೆ. ನಿಲ್ಲಿಸಿದರೆ ಅದು ವಾಪಸ್ ಬರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎಂದೂ ಮುಗಿಯದ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್.

ಅಷ್ಟರಲ್ಲಿ ಇನ್ನೊಬ್ಬ ಅತಿಥಿ ಬಂದು ಕೂತಾಗಿತ್ತು. ಏಲ್‌ವೈಫ್ ಅಂತ, ಗೇಣುದ್ದದ ಬೆಳ್ಳಿ ಮೀನು, ನಮ್ಮ ಕರಾವಳಿಯ ಭೂತಾಯಿಯ ದೂರದ ನೆಂಟ. 1949ರಲ್ಲಿ ಲೇಕ್ ಮಿಷಿಗನ್ನಿಗೆ ಬಂತು. ತಿನ್ನೋ ದೊಡ್ಡ ಮೀನೇ ಇಲ್ಲದ ಸರೋವರ! ಅರವತ್ತರ ದಶಕದ ಮಧ್ಯದ ಹೊತ್ತಿಗೆ ಸರೋವರದ ಮೀನಿನ ಒಟ್ಟು ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇದೇ ಆಗಿತ್ತು. 1967ರ ಬೇಸಿಗೆಯಲ್ಲಿ ಕೋಟಿಗಟ್ಟಲೆ ಸತ್ತು ಷಿಕಾಗೋದಿಂದ ಹಿಡಿದು ದಂಡೆಯುದ್ದಕ್ಕೂ ರಾಶಿ ಬಿದ್ದವು. ಬುಲ್‌ಡೋಜರ್ ಹಚ್ಚಿ ಎತ್ತಬೇಕಾಯ್ತು. ನಮ್ಮ ಡಿಬಿಎಗೆ ಆಗ ಒಂಬತ್ತು ವರ್ಷ. "ಆ ವಾಸನೆ ಈಗ್ಲೂ ನೆನಪಿದೆ. ಅಮ್ಮ ಜೂನ್ ತಿಂಗಳ ಸೆಖೇಲೂ ಕಿಟಕಿ ತೆಗೆಯೋಕೆ ಬಿಡ್ತಿರಲಿಲ್ಲ," ಅಂದ್ರು.

ಈ ಕಥೆಗೆ ಸಾಮನ್ ಬರೋದು ಇಲ್ಲಿ. 1964ರಲ್ಲಿ ಹೋವರ್ಡ್ ಟ್ಯಾನರ್ ಅನ್ನೋರು ಮಿಷಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥರಾದರು. ಏನಾದರೂ ಭರ್ಜರಿಯಾದ್ದು ಮಾಡು ಅಂತ ಮೇಲಧಿಕಾರಿ ಹೇಳಿದ್ದರಂತೆ. ಅದೇ ಹೊತ್ತಿಗೆ ಪಶ್ಚಿಮದ ಒರೆಗಾನ್ ರಾಜ್ಯದಲ್ಲಿ ಕೋಹೊ ಸಾಮನ್ ಮೊಟ್ಟೆ ಹೆಚ್ಚುವರಿ ಇದೆ ಅಂತ ಸುದ್ದಿ ಬಂತು. ಟ್ಯಾನರ್ ಹತ್ತು ಲಕ್ಷ ಮೊಟ್ಟೆ ತರಿಸಿದರು. ಶಾಂತಸಾಗರದ ಮೀನು. ಹೊಳೆಯಲ್ಲಿ ಹುಟ್ಟಿ, ಉಪ್ಪುನೀರಿಗೆ ಹೋಗಿ ಬೆಳೆದು, ವಾಪಸ್ ಹುಟ್ಟಿದ ಹೊಳೆಗೇ ಬಂದು ಮೊಟ್ಟೆಯಿಟ್ಟು ಸಾಯುವ ಜಾತಿ. ಅದನ್ನು ಉಪ್ಪೇ ಇಲ್ಲದ ಸರೋವರಕ್ಕೆ ಬಿಡೋದು! 1966ರ ಏಪ್ರಿಲ್ 2ರಂದು ಪ್ಲ್ಯಾಟ್ ಹೊಳೆಗೆ ಮೊದಲ ಮರಿಗಳನ್ನು ಬಿಟ್ಟರು. ಮರುವರ್ಷ ಅದರ ಅಣ್ಣನಂಥ ಚಿನೂಕ್ ಸಾಮನ್ ಬಂತು.

ಮರಿಗಳಿಗೆ ಸಮುದ್ರದ ನೆನಪೇ ಆಗಲಿಲ್ಲ ಅನಿಸುತ್ತೆ. ಸರೋವರ ತುಂಬ ಏಲ್‌ವೈಫ್ ಊಟ. ತಿಂದು ತಿಂದು ಕೊಬ್ಬಿದವು. 1967ರ ಶರತ್ಕಾಲದಲ್ಲಿ ಹೊಳೆಬಾಯಿಗೆ ವಾಪಸ್ ಬಂದಾಗ ಜನಕ್ಕೆ ಹುಚ್ಚು ಹಿಡಿಯಿತು. ಎಲ್ಲೆಲ್ಲಿಂದಲೋ ಕಾರಿನ ತಲೆ ಮೇಲೆ ದೋಣಿ ಕಟ್ಟಿಕೊಂಡು ಬಂದರು. ಪುಟ್ಟ ಕೆರೆಗೆ ಸರಿಹೋಗೋ ದೋಣಿಗಳು. ಸೆಪ್ಟೆಂಬರ್ 23ರಂದು ಬಿರುಗಾಳಿಯ ಎಚ್ಚರಿಕೆ ಇದ್ದರೂ ನೂರಾರು ದೋಣಿ ನೀರಿಗೆ ಇಳಿದವು. ಏಳು ಜನ ತೀರಿಕೊಂಡರು. ನಮ್ಮ ಡಿಬಿಎ ಅವರಪ್ಪ ಅವತ್ತು ಹೊರಟಿದ್ದವರು ಕಾರು ಕೆಟ್ಟು ಅರ್ಧ ದಾರಿಯಲ್ಲಿ ನಿಂತಿದ್ದರಂತೆ. ನಾನು ಹತ್ತುವ ಮುಂಚೆ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಅವರೇ ಎರಡು ಸಲ ಎಳೆದು ನೋಡಿದ್ದು ಯಾಕೆ ಅಂತ ಆಗ ಅರ್ಥವಾಯ್ತು.

ಯೋಜನೆ ಗೆದ್ದಿತು. ಏಲ್‌ವೈಫ್ ಹತೋಟಿಗೆ ಬಂತು, ಸತ್ತಂತಿದ್ದ ಬಂದರುಗಳಿಗೆ ಜೀವ ಬಂತು. ಬಾಡಿಗೆ ಬೋಟು, ಮೋಟೆಲ್, ಗಾಳದಂಗಡಿ, ಈ ಟೂರ್ನಮೆಂಟುಗಳು ಎಲ್ಲಾ ಅದರ ಫಲ. ಆದರೆ ಗೆಲುವಿನ ಕಥೆ ಹೇಳೋವಾಗ ಬಿಟ್ಟುಹೋಗುವ ಎರಡು ಸಂಗತಿ ಇವೆ.

ಒಂದು, ವಿಷ. ಆ ಕಾಲದಲ್ಲಿ ಹೊಲಕ್ಕೆ ಹೊಡೆದ ಡಿಡಿಟಿ ಎಲ್ಲ ಸರೋವರಕ್ಕೆ ಇಳಿದು, ಸಣ್ಣ ಮೀನಿನಿಂದ ದೊಡ್ಡ ಮೀನಿನ ಕೊಬ್ಬಿಗೆ ಸೇರಿತ್ತು. 1969ರಲ್ಲಿ ಕೇಂದ್ರದ ಆಹಾರ ಇಲಾಖೆ ಲೇಕ್ ಮಿಷಿಗನ್ನಿನ ಕೋಹೊ ಮೀನನ್ನು ಜಪ್ತಿ ಮಾಡಿತು. ಅದೇ ವರ್ಷ ಮಿಷಿಗನ್ ರಾಜ್ಯ ಡಿಡಿಟಿ ಮಾರಾಟಕ್ಕೆ ತಡೆ ಹಾಕಿತು.

ಎರಡು, ಸರೋವರ ಯಾರದ್ದು ಅನ್ನೋ ಪ್ರಶ್ನೆ. ಟ್ಯಾನರ್ ಕಾಲದ ಇಲಾಖೆ ಸಾಮನ್ ಮೀನನ್ನು ಗಾಳ ಹಾಕಿ ಆಡುವವರಿಗೆ ಅಂತ ತಂದಿತ್ತು, ಬಲೆ ಹಾಕಿ ಬದುಕುವವರಿಗಲ್ಲ. ಆಮೇಲೆ ಬಲೆಗಳ ಮೇಲೆ ಕಡಿವಾಣ ಬಿತ್ತು. ಆದರೆ ಈ ನೀರಿಗೆ ಇನ್ನೂ ಹಳೆಯ ಹಕ್ಕುದಾರರಿದ್ದರು. ಒಡಾವಾ ಮತ್ತು ಒಜಿಬ್ವೆ ಮೂಲನಿವಾಸಿಗಳು 1836ರ ಒಪ್ಪಂದದಲ್ಲಿ ತಮ್ಮ ಭೂಮಿ ಬಿಟ್ಟುಕೊಟ್ಟರೂ ಮೀನು ಹಿಡಿಯುವ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. 1971ರಲ್ಲಿ ಬೇ ಮಿಲ್ಸ್ ಸಮುದಾಯದ ಆಲ್ಬರ್ಟ್ ಲೆಬ್ಲಾಂಕ್ ಬೇಕೆಂದೇ ಬಲೆ ಹಾಕಿ ಕೇಸು ಹಾಕಿಸಿಕೊಂಡರು. ಕೋರ್ಟು ಮೆಟ್ಟಿಲು ಹತ್ತಿ ಇಳಿದು, 1979ರಲ್ಲಿ ನ್ಯಾಯಾಧೀಶ ನೋಯಲ್ ಫಾಕ್ಸ್ ತೀರ್ಪು ಕೊಟ್ಟರು: ಆ ಹಕ್ಕು ಇನ್ನೂ ಜೀವಂತ, ರಾಜ್ಯ ಅದನ್ನು ಕಿತ್ತುಕೊಳ್ಳೋ ಹಾಗಿಲ್ಲ. ಬಂದರುಗಳಲ್ಲಿ ಜಗಳ, ಬೆದರಿಕೆ, ಬಲೆ ಕತ್ತರಿಸೋದು ಎಲ್ಲಾ ನಡೆಯಿತು. ಹದಿಮೂರು ವರ್ಷದ ಹಿಂದೆ ತಂದು ಬಿಟ್ಟ ಮೀನಿನ ಹೆಸರಲ್ಲಿ, ಸಾವಿರಾರು ವರ್ಷದಿಂದ ಇದ್ದವರನ್ನು 'ನಮ್ಮ ಮೀನು ಕದೀತಾರೆ' ಅಂದರು.

ನಮ್ಮಲ್ಲೂ ಇದರ ಒಂದು ಅಧ್ಯಾಯ ಇದೆ. ಕಾವೇರಿಯದ್ದೇ ಆದ, ಬೆನ್ನು ಗೂನಾದ ಕಿತ್ತಳೆ ರೆಕ್ಕೆಯ ಮಹಶೀರ್ ಇರುವ ನದಿಗೆ, ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಬೇರೆ ಮಹಶೀರನ್ನು ದಶಕಗಟ್ಟಲೆ ತಂದು ಬಿಟ್ಟೆವು. ಒಳ್ಳೇ ಉದ್ದೇಶದಿಂದಲೇ. ನಾನು ಲಡಿಂಗ್ಟನ್ನಿನಲ್ಲಿ ಗಾಳ ಹಿಡಿದು ಕೂತಿದ್ದ ಅದೇ 2018ರಲ್ಲಿ ಕಾವೇರಿಯ ಆ ಮೂಲ ಮಹಶೀರ್ ಅಳಿವಿನ ಅಂಚಿನ ಪಟ್ಟಿಗೆ ಸೇರಿತು.

ಇನ್ನು ಕಥೆಯ ವಿಚಿತ್ರ ತಿರುವು. ಎಂಬತ್ತರ ದಶಕದ ಕೊನೆಯಲ್ಲಿ ಸರಕು ಹಡಗುಗಳ ಹೊಟ್ಟೆಯ ನೀರಿನ ಜೊತೆ ಯುರೋಪಿನಿಂದ ಬೆರಳುಗುರಿನಷ್ಟು ಚಿಕ್ಕ ಮಳಿ ಜಾತಿಯ ಚಿಪ್ಪುಜೀವಿಗಳು ಬಂದವು. ನೀರು ಸೋಸಿ ಸೋಸಿ ತಿಂದು ಸರೋವರವನ್ನು ಕನ್ನಡಿಯಷ್ಟು ತಿಳಿ ಮಾಡಿದವು. ನೋಡೋಕೆ ಚಂದ, ಆದರೆ ಏಲ್‌ವೈಫ್‌ಗೆ ಊಟ ಇಲ್ಲ. 2004ರ ಹೊತ್ತಿಗೆ ಪಕ್ಕದ ಲೇಕ್ ಹ್ಯೂರಾನಿನಲ್ಲಿ ಏಲ್‌ವೈಫ್ ಕುಸಿಯಿತು, ಹಿಂದೆಯೇ ಸಾಮನ್ ಹಸಿದು ಸತ್ತಿತು, ಅದರ ಹಿಂದೆ ಗಾಳದಂಗಡಿಗಳು. ಹೆದರಿದ ಲೇಕ್ ಮಿಷಿಗನ್ನಿನ ಸುತ್ತಲ ರಾಜ್ಯಗಳು 2013ರಲ್ಲಿ ಚಿನೂಕ್ ಮರಿ ಬಿಡೋದನ್ನು ಸುಮಾರು ಅರ್ಧಕ್ಕೆ ಇಳಿಸಿದವು. ಯಾಕೆ? ಏಲ್‌ವೈಫ್ ಉಳಿಸೋಕೆ. ಬುಲ್‌ಡೋಜರ್ ಹಚ್ಚಿ ಎತ್ತಿದ್ದ ಅದೇ ಏಲ್‌ವೈಫ್! ಬಗ್ ತೆಗೆಯೋಕೆ ಬರೆದ ಕೋಡಿನ ಮೇಲೆ ಇಡೀ ಊರಿನ ಬದುಕು ನಿಂತುಬಿಟ್ಟರೆ, ಆಮೇಲೆ ಆ ಬಗ್ಗನ್ನೇ ಕಾಪಾಡಬೇಕಾಗುತ್ತೆ.

ಏಳು ಗಂಟೆ ಸುಮಾರಿಗೆ ನನ್ನ ಗಾಳ ಬಗ್ಗಿತು. ಇಪ್ಪತ್ತು ನಿಮಿಷ ತೋಳು ಬಿದ್ದುಹೋಗುವಷ್ಟು ಎಳೆದಾಡಿದೆ. ಚಿನೂಕ್, ಏಳು ಕೆಜಿ ಚಿಲ್ಲರೆ. ಬಂದರಿನಲ್ಲಿ ತೂಕಕ್ಕೆ ಕೊಟ್ಟಾಗ ಮೇಜಿನ ಹತ್ತಿರ ನಿಂತಿದ್ದ ಹುಡುಗಿಯೊಬ್ಬಳು, ಮೀನು ಇಲಾಖೆಯವಳು, ಅದರ ಬೆನ್ನಿನ ಹಿಂಬದಿಗೆ ಬೆರಳು ಸವರಿದಳು. ಬಾಲದ ಹತ್ತಿರ ಒಂದು ಸಣ್ಣ ಮೆತ್ತನೆ ರೆಕ್ಕೆ ಇರುತ್ತೆ. ಮರಿಕೇಂದ್ರದಿಂದ ಬಿಡೋ ಚಿನೂಕ್ ಮರಿಗಳಿಗೆ ಗುರುತಿಗೆ ಅಂತ ಅದನ್ನು ಕತ್ತರಿಸಿರ್ತಾರೆ. ನನ್ನ ಮೀನಿಗೆ ರೆಕ್ಕೆ ಹಾಗೇ ಇತ್ತು.

"ಇದು ಇಲ್ಲೇ ಹುಟ್ಟಿದ್ದು," ಅಂದಳು. "ಈಗ ಸಿಗೋದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೇ."

ಅಂದ್ರೆ ಯಾರೂ ಬಿಡದೇ, ಯಾರ ಬಜೆಟ್ಟಿಗೂ ಕಾಯದೇ, ಯಾವುದೋ ಹೊಳೆಯ ಕಲ್ಲುಗಳ ನಡುವೆ ಹುಟ್ಟಿದ್ದು. ವಲಸೆ ಬಂದವರ ಮೊಮ್ಮಕ್ಕಳ ಮೊಮ್ಮಗು. ಅದನ್ನು ಹೊರಗಿನದ್ದು ಅನ್ನಬೇಕೋ ಊರಿನದ್ದು ಅನ್ನಬೇಕೋ? ವೀಸಾ ರಿನ್ಯೂವಲ್‌ಗೆ ಕಾಯ್ತಿದ್ದ ನನಗೆ ಆ ಪ್ರಶ್ನೆ ಸ್ವಲ್ಪ ಜಾಸ್ತಿಯೇ ತಟ್ಟಿತು.

ಬಹುಮಾನ ಬರಲಿಲ್ಲ. ನಮಗಿಂತ ದೊಡ್ಡ ಮೀನು ಹಿಡಿದ ಬೋಟುಗಳು ಬೇಕಾದಷ್ಟಿದ್ದವು. ರೂಮಿಗೆ ಬಂದು ಕೊಬ್ಬೆಲ್ಲ ಕೆರೆದು ತೆಗೆದು (ವಿಷ ಇರೋದು ಕೊಬ್ಬಲ್ಲೇ, ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ಸರ್ಕಾರವೇ ಪಟ್ಟಿ ಕೊಟ್ಟಿದೆ) ಅಮ್ಮನಿಗೆ ಫೋನ್ ಮಾಡಿದೆ, ಸಾರು ಹೇಗೆ ಮಾಡೋದು ಅಂತ.

"ಯಾವ ಮೀನೋ? ಕೆರೇದಾ, ಹೊಳೇದಾ, ಸಮುದ್ರದ್ದಾ?"

"ಸಮುದ್ರದ ಜಾತಿ ಅಮ್ಮ. ಹೊಳೇಲಿ ಹುಟ್ಟಿ ಕೆರೇಲಿ ಬೆಳೆದದ್ದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದಳು, "ಹಂಗಾರೆ ಹುಳಿ ಒಂಚೂರು ಜಾಸ್ತಿ ಹಾಕು."