ಅಡುಗೆಮನೆಯ ದಾಖಲೆ ಬಾಗಿಲಿಗೆ ಬಂದ ಬಗೆ

ಅಮೆರಿಕದಲ್ಲಿ ಹೋಟೆಲಿನ ಆರೋಗ್ಯ ತಪಾಸಣಾ ದಾಖಲೆ ಎಂದರೆ, ಸ್ಥಳೀಯ ಆರೋಗ್ಯ ಇಲಾಖೆಯ ನಿರೀಕ್ಷಕರು ಅಡುಗೆಮನೆಯನ್ನು ಹೊಕ್ಕು, ಮಾಂಸ ಬೆಂದ ಪ್ರಮಾಣ, ಶೀತಲ ಪೆಟ್ಟಿಗೆಯ ಉಷ್ಣತೆ, ಕೈ ತೊಳೆಯುವ ಏರ್ಪಾಡು, ಇಲಿ ಜಿರಲೆಗಳ ಸುಳಿವು ಮೊದಲಾದವನ್ನು ಪರೀಕ್ಷಿಸಿ ಬರೆದಿಡುವ ವರದಿ. ಫಾಸ್ಟ್ ಫುಡ್ ಉದ್ಯಮದ ಆರಂಭದಲ್ಲಿ ಶುಚಿತ್ವಕ್ಕೆ ಸಾಕ್ಷಿ ಹೇಳುತ್ತಿದ್ದವರು ಬಹುಮಟ್ಟಿಗೆ ಮಾರಾಟಗಾರರೇ ಆಗಿದ್ದರು. 1906ರಲ್ಲಿ ಪ್ರಕಟವಾದ ಅಪ್ಟನ್ ಸಿಂಕ್ಲೇರರ ‘ದ ಜಂಗಲ್’ ಕಾದಂಬರಿ ಷಿಕಾಗೋದ ಮಾಂಸೋದ್ಯಮದ ಕೊಳಕನ್ನು ಬಯಲಿಗೆಳೆದ ಮೇಲೆ ಜನರಲ್ಲಿ ಮೂಡಿದ್ದ ಅಳುಕನ್ನು ಕಳೆಯಲೆಂದೇ, 1921ರಲ್ಲಿ ವಿಚಿಟಾ ನಗರದಲ್ಲಿ ಆರಂಭವಾದ ವೈಟ್ ಕ್ಯಾಸಲ್ ಸಂಸ್ಥೆಯು ಬಿಳಿಯ ಬಣ್ಣವನ್ನು ತನ್ನ ಗುರುತಾಗಿ ಮಾಡಿಕೊಂಡಿತು.

ಆ ಬಿಳುಪು ಸಾಲದೆಂಬುದು 1993ರಲ್ಲಿ ಸ್ಪಷ್ಟವಾಯಿತು. ಜಾಕ್ ಇನ್ ದ ಬಾಕ್ಸ್ ಮಳಿಗೆಗಳ ಸರಿಯಾಗಿ ಬೇಯದ ಹ್ಯಾಂಬರ್ಗರ್‌ಗಳಿಂದ ಇ. ಕೋಲಿ ಒ157:ಎಚ್7 ಎಂಬ ಬ್ಯಾಕ್ಟೀರಿಯಾ ಹರಡಿ, 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಮಕ್ಕಳು ಸತ್ತರು. ಇಡೀ ಮಾಂಸದ ತುಂಡಿನ ಮೇಲ್ಮೈಯಲ್ಲಷ್ಟೇ ಇರುವ ಸೂಕ್ಷ್ಮಜೀವಿಗಳು, ಮಾಂಸವನ್ನು ಅರೆದಾಗ ಒಳಗೆಲ್ಲ ಬೆರೆಯುವುದರಿಂದ, ನಡುಭಾಗವೂ ಪೂರ್ಣ ಬೇಯುವುದು ಅನಿವಾರ್ಯ. ಕಾಯಿಲೆ ಹೆಚ್ಚಾಗಿ ಹಬ್ಬಿದ ವಾಷಿಂಗ್ಟನ್ ರಾಜ್ಯದ ನಿಯಮವು 155 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 68 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ವಿಧಿಸಿತ್ತು. ಸಂಸ್ಥೆಯು ಮಾತ್ರ 140 ಡಿಗ್ರಿ ಫ್ಯಾರನ್‌ಹೀಟಿನ ಒಕ್ಕೂಟ ಮಾನದಂಡವನ್ನೇ ಅನುಸರಿಸುತ್ತಿತ್ತು. ಅದೇ ವರ್ಷ ಒಕ್ಕೂಟ ಸರ್ಕಾರದ ಆಹಾರ ಮತ್ತು ಔಷಧ ಆಡಳಿತವು ‘ಫುಡ್ ಕೋಡ್’ ಎಂಬ, ರಾಜ್ಯಗಳು ಅಳವಡಿಸಿಕೊಳ್ಳಬಹುದಾದ ಮಾದರಿ ನಿಯಮಾವಳಿಯನ್ನು ಹೊರತಂದಿತು.

ಆದರೂ ತಪಾಸಣೆಯ ಫಲಿತಾಂಶ ಗಿರಾಕಿಯ ಕಣ್ಣಿಗೆ ಬೀಳುವುದು ಅಪರೂಪವಾಗಿತ್ತು. 1997ರ ನವೆಂಬರಿನಲ್ಲಿ ಲಾಸ್ ಏಂಜಲೀಸಿನ ದೂರದರ್ಶನ ವಾಹಿನಿಯೊಂದು ಗುಪ್ತ ಕ್ಯಾಮೆರಾದಿಂದ ಅಡುಗೆಮನೆಗಳ ದುಃಸ್ಥಿತಿಯನ್ನು ತೋರಿಸಿದ ಬಳಿಕ, ಲಾಸ್ ಏಂಜಲೀಸ್ ಕೌಂಟಿಯಲ್ಲಿ 1998ರ ಜನವರಿಯಿಂದ ದರ್ಜೆಪತ್ರದ ಪದ್ಧತಿ ಜಾರಿಗೆ ಬಂದಿತು. 90ರಿಂದ 100 ಅಂಕಕ್ಕೆ ‘ಎ’, 80ರಿಂದ 89ಕ್ಕೆ ‘ಬಿ’, 70ರಿಂದ 79ಕ್ಕೆ ‘ಸಿ’ ಎಂಬ ಫಲಕವನ್ನು ಬಾಗಿಲ ಬಳಿ ತೂಗುಹಾಕುವ ಈ ಪದ್ಧತಿಯನ್ನು ಹೋಲುವ ವ್ಯವಸ್ಥೆಯನ್ನು ನ್ಯೂಯಾರ್ಕ್ ನಗರ 2010ರಲ್ಲಿ ತಂದಿತು. ಲಾಸ್ ಏಂಜಲೀಸಿನ ಪದ್ಧತಿಯಿಂದ ಆಹಾರಜನ್ಯ ರೋಗಗಳು ಇಳಿದವೆಂದು 2003ರ ಅಧ್ಯಯನವೊಂದು ಹೇಳಿದರೆ, 2019ರ ಮರುಪರಿಶೀಲನೆಯು ಆ ನಿಗಮನವನ್ನು ಪ್ರಶ್ನಿಸಿತು.

ರೋಗವನ್ನು ಅದು ಎಷ್ಟು ತಗ್ಗಿಸಿತೆಂಬ ವಿವಾದ ಹೇಗೇ ಇರಲಿ, ಉಣ್ಣುವವನಿಗೆ ಅಡುಗೆಮನೆಯ ಸ್ಥಿತಿಯನ್ನು ತಿಳಿಯುವ ಹಕ್ಕಿದೆ ಎಂಬ ತತ್ತ್ವವನ್ನು ಆ ಫಲಕ ಸ್ಥಾಪಿಸಿತು. ಆದರೆ ವಾಷಿಂಗ್ಟನ್ನಿನ ನಿಯಮ ಮಕ್ಕಳನ್ನು ಉಳಿಸಲಿಲ್ಲ ಎಂಬುದನ್ನು ನೆನೆದರೆ, ಒಲೆಯ ಮುಂದೆ ಪಾಲನೆಯಾಗದ ನಿಯಮವು ಯಾವ ಕಡತದಲ್ಲಿದ್ದರೂ ವ್ಯರ್ಥವೆಂದೇ ಹೇಳಬೇಕಾಗುತ್ತದೆ.