ಕತ್ತರಿಸಿದ ಫೋಟೊಗಳ ಸುತ್ತ ಬೆಳೆದ ಕಾವ್ಯ

1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಪತನವಾಯಿತು. ಆ ದಿನಗಳಲ್ಲೂ ಮುಂದಿನ ವರ್ಷಗಳಲ್ಲೂ ದೇಶ ಬಿಟ್ಟು ಹೊರಟವರು ಮನೆಯ ಫೋಟೊಗಳನ್ನೆಲ್ಲ ಹೊತ್ತು ತರುವುದು ಸಾಧ್ಯವಿರಲಿಲ್ಲ. ಅವರ ಮಕ್ಕಳು ಅಮೆರಿಕದಲ್ಲಿ ಕವಿಗಳಾಗಿ ಬೆಳೆದ ಮೇಲೆ ಮತ್ತೆ ಮತ್ತೆ ಫೋಟೊಗಳನ್ನೇ ಕೈಗೆತ್ತಿಕೊಂಡದ್ದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಚಿತ್ರದಿಂದ ಕಾಣೆಯಾದದ್ದೇ ಇವರ ಪದ್ಯಗಳಿಗೆ ಆಕಾರ ಕೊಟ್ಟಿದೆ.

ದಾರಿ ಮೊದಲು ತೆರೆದದ್ದು ಕೊರಿಯಾ ಮೂಲದ ತೆರೇಸಾ ಹಾಕ್ ಕ್ಯುಂಗ್ ಚಾ. 1982ರ 'ಡಿಕ್ಟೇ'ಯಲ್ಲಿ ಅವರು ಅಡಿಬರಹವೇ ಇಲ್ಲದ ಫೋಟೊಗಳನ್ನು ಗದ್ಯಪದ್ಯಗಳ ನಡುವೆ ಇಟ್ಟರು. 1998ರಲ್ಲಿ ಬಂದ 'ವಾಟರ್‌ಮಾರ್ಕ್' ಸಂಕಲನ ವಿಯೆಟ್ನಾಂ ಮೂಲದ ಅಮೆರಿಕನ್ನರ ಕಥೆ, ಕವಿತೆಗಳನ್ನು ಒಂದೆಡೆ ತಂದಿತು. ಅದೇ ಕಾಲದಲ್ಲಿ ಕಲಾವಿದ ದಿನ್ ಕ್ಯೂ ಲೆ, ಚಿಕ್ಕಂದಿನಲ್ಲಿ ಕಂಡು ಕಲಿತ ಚಾಪೆ ಹೆಣಿಗೆಯಂತೆ, ಫೋಟೊಗಳನ್ನು ಪಟ್ಟಿಪಟ್ಟಿಯಾಗಿ ಸೀಳಿ ಒಂದರೊಳಗೊಂದು ಹೆಣೆಯುತ್ತಿದ್ದರು. ವಿಯೆಟ್ನಾಮಿಗೆ ಮರಳಿದಾಗ ಅವರು ತಮ್ಮ ಕುಟುಂಬದ ಫೋಟೊಗಳಿಗಾಗಿ ಹಳೆ ಸಾಮಾನಿನ ಅಂಗಡಿಗಳಲ್ಲಿ ತಡಕಾಡಿದರು. ಅವು ಸಿಗದೆ, ಕಂಡರಿಯದ ಜನರ ಫೋಟೊಗಳನ್ನು ಕೊಂಡುಕೊಂಡು ದಾರದಿಂದ ಪೋಣಿಸಿ ದೊಡ್ಡ ಪರದೆಯಂತೆ ತೂಗುಹಾಕಿದರು. ಮುಂದಿನ ಕವಿಗಳ ಕೆಲಸಕ್ಕೆ ಈ ಪರದೆ ನೇರ ಮಾದರಿಯಲ್ಲದಿರಬಹುದು. ನೋವು ಮಾತ್ರ ಒಂದೇ.

ಈ ಹಾದಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಡಯಾನಾ ಖೋಯ್ ನುಯೆನ್ ಅವರ 'ಘೋಸ್ಟ್ ಆಫ್' (2018) ಎದುರು. ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಡಯಾನಾ ನಿರಾಶ್ರಿತ ದಂಪತಿಯ ಮಗಳು. ಒಂದು ರಾತ್ರಿ ಅವರ ತಮ್ಮ ಗೋಡೆಯ ಮೇಲಿದ್ದ ಕುಟುಂಬದ ಫೋಟೊಗಳನ್ನು ಇಳಿಸಿ, ಪ್ರತಿಯೊಂದರಿಂದಲೂ ತನ್ನನ್ನಷ್ಟೇ ಕತ್ತರಿಸಿ ತೆಗೆದು, ಉಳಿದದ್ದನ್ನು ಮತ್ತೆ ಫ್ರೇಮಿಗೆ ಸೇರಿಸಿ ತೂಗುಹಾಕಿದ. ಸುಮಾರು ಎರಡು ವರ್ಷಗಳ ನಂತರ, 2014ರಲ್ಲಿ, ಆತ್ಮಹತ್ಯೆ ಮಾಡಿಕೊಂಡ.

'ಟ್ರಿಪ್ಟಿಕ್' ಎಂಬ ಕವಿತೆಗಳಲ್ಲಿ ಆ ಫೋಟೊಗಳೇ ಇವೆ. ಅಪ್ಪ, ಅಮ್ಮ, ಸೋದರಿಯರ ನಡುವೆ ಹುಡುಗನ ಆಕಾರದ ಬಿಳಿ ಜಾಗ. ಒಂದು ಪುಟದಲ್ಲಿ ಅಕ್ಷರಗಳು ಆ ಬಿಳಿಯನ್ನು ತುಂಬುತ್ತವೆ: ತಲೆಯ ಬಳಿ ಸಾಲು ಕಿರಿದು, ಹೆಗಲಿಗೆ ಬಂದಾಗ ಅಗಲ. ಇನ್ನೊಂದು ಪುಟದಲ್ಲಿ ಪದ್ಯ ಆ ಆಕಾರವನ್ನು ಬಳಸಿಕೊಂಡು ಹೋಗುತ್ತದೆ. ಅಂಚು ಬಂದಲ್ಲಿ ಪದ ಅರ್ಧಕ್ಕೇ ತುಂಡಾಗಿ, ಆಚೆ ಬದಿಯಲ್ಲಿ ಮುಂದುವರಿಯುತ್ತದೆ. ಓದುವಾಗ ಪ್ರತಿ ಸಾಲಿಗೂ ಕಣ್ಣು ಆ ಹುಡುಗನನ್ನು ದಾಟಲೇಬೇಕು. ಮೀನಿಗೆ ಮಸಿ ಬಳಿದು ಕಾಗದದ ಮೇಲೆ ಅಚ್ಚು ತೆಗೆಯುವ ಜಪಾನೀ ಕಲೆಯ ಹೆಸರನ್ನು ಹೊತ್ತ 'ಗ್ಯೋಟಾಕು' ಕವಿತೆಗಳಲ್ಲಿ ಅದೇ ಆಕಾರ ಒಂದರ ಮೇಲೊಂದು ಅಚ್ಚಾಗುತ್ತ ಪುಟವಿಡೀ ಹರಡುತ್ತದೆ.

ಅಕ್ಷರಗಳನ್ನು ಚಿತ್ರಾಕಾರದ ಬಂಧಗಳಲ್ಲಿ ಜೋಡಿಸುವ ಕಸರತ್ತನ್ನು ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಯಿಲ್ಲದ, ಅಂದರೆ ಸೂಚಿತಾರ್ಥವಿಲ್ಲದ, ಬರೀ ಚಿತ್ರವೆಂದು ಕೆಳಗಿಟ್ಟ. ಇಲ್ಲಿ ಧ್ವನಿಯಿರುವುದೇ ಆಕಾರದಲ್ಲಿ. ಆಕಾರ ತೆಗೆದು ಪಠ್ಯವನ್ನಷ್ಟೇ ಸಾಲಾಗಿ ಬರೆದರೆ ಕವಿತೆ ಉಳಿಯುವುದಿಲ್ಲ. ಕೇಟ್ ಟಫ್ಟ್ಸ್ ಡಿಸ್ಕವರಿ ಪ್ರಶಸ್ತಿ ಈ ಸಂಕಲನಕ್ಕೆ ಬಂತು. ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಸುತ್ತಿಗೂ ಅದು ತಲುಪಿತ್ತು.

ಓಷನ್ ವುವಾಂಗ್ ಇವರೆಲ್ಲರಿಗಿಂತ ಹೆಸರುವಾಸಿ. ಆದರೆ ಅವರ ಬಲ ಪುಟದ ಆಕಾರದಲ್ಲಲ್ಲ, ಸಾಲಿನ ಲಯದಲ್ಲಿದೆ. ಹೊವಾ ನುಯೆನ್ 2021ರ ಸಂಕಲನದಲ್ಲಿ, ವಿಯೆಟ್ನಾಮಿನ ಮಹಿಳಾ ಸರ್ಕಸ್ ತಂಡದಲ್ಲಿ ಬೈಕ್ ಸಾಹಸ ಮಾಡುತ್ತಿದ್ದ ತಮ್ಮ ತಾಯಿಯ ಜೀವನವನ್ನು ಪದ್ಯದಲ್ಲಿ ಕಟ್ಟಿದರು. ಡಯಾನಾ ಅವರ ಎರಡನೆಯ ಸಂಕಲನ 'ರೂಟ್ ಫ್ರ್ಯಾಕ್ಚರ್ಸ್' (2024) ತಮ್ಮನ ಸಾವಿನಿಂದ ಇನ್ನೂ ಹಿಂದಕ್ಕೆ, ತಂದೆತಾಯಿ ಬಿಟ್ಟುಬಂದ ದೇಶದ ಕಡೆಗೆ ಹೋಗುತ್ತದೆ. ಮೊದಲ ಪುಸ್ತಕದ ಬಿಗಿ ಅದರಲ್ಲಿ ಎಲ್ಲ ಕಡೆ ಇಲ್ಲ. ಹರವು ಮಾತ್ರ ದೊಡ್ಡದು.

ಈಗ ಫೋಟೊದಿಂದ ಸಿನಿಮಾಗೂ ಈ ಕಾವ್ಯ ಕೈಚಾಚಿದೆ. ಕ್ಯಾಥಿ ಲಿನ್ ಚೆ ಅವರ ತಂದೆತಾಯಿ ಫಿಲಿಪ್ಪೀನ್ಸಿನ ನಿರಾಶ್ರಿತರ ಶಿಬಿರದಲ್ಲಿದ್ದಾಗ, ಆ ದೇಶದಲ್ಲೇ ಚಿತ್ರೀಕರಣವಾಗುತ್ತಿದ್ದ, ವಿಯೆಟ್ನಾಂ ಯುದ್ಧದ ಕುರಿತ, ನಿರ್ದೇಶಕ ಕೊಪೊಲಾರ 'ಅಪೋಕಲಿಪ್ಸ್ ನೌ' ಚಿತ್ರದಲ್ಲಿ ಎಕ್ಸ್‌ಟ್ರಾಗಳಾಗಿ ದುಡಿದರು. ತಾವು ಪಾರಾಗಿ ಬಂದ ಯುದ್ಧಕ್ಕೇ ಅವರು ಹಿನ್ನೆಲೆಯಾಗಿ ನಿಂತರು. 'ಬಿಕಮಿಂಗ್ ಘೋಸ್ಟ್' (2025) ಸಂಕಲನವೂ ಅದರ ಜೊತೆಗೇ ಬಂದ ಕಿರುಚಿತ್ರವೂ ಆ ಅನುಭವದ ಬಗ್ಗೆಯೇ. ಕಿರುಚಿತ್ರದಲ್ಲಿ ಅಂದಿನ ಶೂಟಿಂಗಿನ ಕಥೆಯನ್ನು ಹೇಳುವವರು ಆ ಅಪ್ಪ ಅಮ್ಮನೇ.