ಮಕ್ಕಳ ಕೈಲಿ ಮೊಬೈಲ್: ಮನೆ, ಅಂಗಡಿ, ಶಾಲೆಯವರು ತಿಳಿದಿರಬೇಕಾದ ವಿಷಯಗಳು

ಕೊಳ್ಳೇಗಾಲ: 2020ರಲ್ಲಿ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದಾಗ ಪಾಠ ಮೊಬೈಲಿಗೆ ಬಂತು. ಹನೂರು ಭಾಗದ ಕಾಡಂಚಿನ ಊರುಗಳು, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ನೆಟ್‌ವರ್ಕ್ ಸಿಗದೆ ಮಕ್ಕಳು ಪರದಾಡಿದರು. ಸಾಲ ಮಾಡಿ ಫೋನ್ ಕೊಡಿಸಿದ ಮನೆಗಳೂ ಇವೆ. ಶಾಲೆ ಮತ್ತೆ ತೆರೆಯಿತು, ಫೋನ್ ಮಾತ್ರ ಮಕ್ಕಳ ಕೈಲೇ ಉಳಿಯಿತು. ಎಷ್ಟೋ ಕಡೆ ಹೋಂವರ್ಕ್ ಈಗಲೂ ವಾಟ್ಸ್‌ಆಪ್ ಗ್ರೂಪಿಗೇ ಬರುತ್ತೆ. ಹಾಗಾಗಿ ‘ಫೋನ್ ಮುಟ್ಟಬೇಡ’ ಅಂತ ಗದರಿದರೆ ಸಾಲದು. ಯಾವುದಕ್ಕೆ, ಎಷ್ಟು ಹೊತ್ತು ಅನ್ನೋದನ್ನ ಮನೆ ಮತ್ತು ಶಾಲೆ ಸೇರಿ ಗೊತ್ತು ಮಾಡಬೇಕು.

ಅಂಕಿ ಏನು ಹೇಳುತ್ತೆ?
ಗ್ರಾಮೀಣ ಭಾರತದ ‘ಅಸರ್ 2024’ ಸಮೀಕ್ಷೆ ಪ್ರಕಾರ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ಕ್ಕೂ ಹೆಚ್ಚು ಜನಕ್ಕೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ 57. ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76.

ಎಷ್ಟು ಹೊತ್ತು ಕೊಡಬಹುದು?
2 ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶಾಲಾ ಮಕ್ಕಳ ವಿಷಯಕ್ಕೆ ಬಂದರೆ, 2020ರ ಕೇಂದ್ರದ ‘ಪ್ರಜ್ಞಾತ’ ಮಾರ್ಗಸೂಚಿಯಲ್ಲಿ 1ರಿಂದ 8ನೇ ತರಗತಿಗೆ ದಿನಕ್ಕೆ ಎರಡೇ ಆನ್‌ಲೈನ್ ಕ್ಲಾಸ್, ಒಂದೊಂದು 30ರಿಂದ 45 ನಿಮಿಷ ಅಂತ ಇತ್ತು. ಇಡೀ ಶಾಲೆ ಫೋನಿನಲ್ಲಿದ್ದಾಗಲೇ ಮಿತಿ ಒಂದೂವರೆ ಗಂಟೆ. ಈಗ ಹೋಂವರ್ಕ್ ನೋಡೋಕೆ ಅಷ್ಟೂ ಬೇಕಿಲ್ಲ.

ಯಾವಾಗ ಎಚ್ಚರ?
ಆಟ ನಿಲ್ಲಿಸು ಅಂದರೂ ನಿಲ್ಲಿಸೋಕೆ ಆಗದಿರೋದು, ಊಟ, ನಿದ್ದೆ, ಓದಿಗಿಂತ ಫೋನೇ ಮುಂದಾಗೋದು, ತೊಂದರೆ ಆಗ್ತಿದ್ದರೂ ಬಿಡದಿರೋದು. ಇದು ತಿಂಗಳುಗಟ್ಟಲೆ ನಡೆದರೆ ಹೊಡೆದು ಬಡಿದು ಸರಿಮಾಡೋ ವಿಷಯವಲ್ಲ, ಸಲಹೆ ಕೇಳಿ.

ಅಂಗಡಿಯವರಿಗೆ
ವ್ಯಾಪಾರದ ಫೋನನ್ನೇ ಮಕ್ಕಳಿಗೆ ಕೊಡೋರು ಗಮನಿಸಿ. ಯುಪಿಐ ಲೈಟ್‌ನಲ್ಲಿ ಒಂದು ಸಲಕ್ಕೆ 1,000 ರೂ.ವರೆಗೆ ಪಿನ್ ಇಲ್ಲದೆ ದುಡ್ಡು ಹೋಗುತ್ತೆ. ಪೇಮೆಂಟ್ ಆಪ್‌ಗಳಿಗೆ ಲಾಕ್ ಹಾಕಿ, ಪಿನ್ ಮಕ್ಕಳ ಮುಂದೆ ಒತ್ತಬೇಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ‘ಡಿಜಿಟಲ್ ವೆಲ್‌ಬೀಯಿಂಗ್’ನಲ್ಲಿ ಪ್ರತಿ ಆಪ್‌ಗೂ ಟೈಮರ್ ಇಡಬಹುದು.

ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನು 2025ರ ಆಗಸ್ಟ್‌ನಲ್ಲಿ ಬಂದಿದೆ. ಅದರಲ್ಲಿ ಶಿಕ್ಷೆ ಆಡಿಸಿದವರಿಗೆ, ಆಡಿದವರಿಗಲ್ಲ. ಮಗು ದುಡ್ಡು ಕಳಕೊಂಡಿದ್ದರೆ ಹೆದರದೆ ದೂರು ಕೊಡಿ.

ಶಾಲೆಯವರಿಗೆ
ಹೋಂವರ್ಕ್ ಬೋರ್ಡ್ ಮೇಲೆ ಬರೆದು ಡೈರಿಗೆ ಇಳಿಸಿಸಿದರೆ ಮನೆಯಲ್ಲಿ ಅರ್ಧ ಜಗಳ ಕಮ್ಮಿ. ಗ್ರೂಪ್ ಮೆಸೇಜ್ ಸಂಜೆಯೊಳಗೆ ಮುಗಿಸಿ.

ಯಾರಿಗೆ ಫೋನ್ ಮಾಡಬೇಕು?
• ಟೆಲಿ ಮಾನಸ್ 14416: ಮಾನಸಿಕ ಆರೋಗ್ಯ ಸಲಹೆ, ಉಚಿತ, 24 ಗಂಟೆ
• 1930: ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ತಕ್ಷಣ
• 1098: ಮಕ್ಕಳ ಸಹಾಯವಾಣಿ
• ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಗೀಳಿಗೆಂದೇ ‘ಶಟ್’ ಕ್ಲಿನಿಕ್ ಇದೆ